ಬೋರ್ ನೀರು, ಎರಿ ಮಣ್ಣು, ಕರಿ ಕಾರು: 5,000 ರೂಪಾಯಿದಾಗ ಏನೇನು ತಗೋಬೇಕು?

ನವಲಗುಂದ_ರೋಡ್:
ಮನಿ ಧಾರವಾಡದಾಗ, ವಾರಕ್ಕೊಮ್ಮೆ ನವಲಗುಂದ ಕಡೆ ಹೊಲದ ದಾರಿ. ಹೊಸ ಸೆಡಾನ್, ಕರಿ ಬಣ್ಣ. ಗಾಡಿ ತೊಳಿಯಾಕ ಬೋರ್ ನೀರೇ ಗತಿ, ಟಿಡಿಎಸ್ (ನೀರಿನಾಗ ಕರಗಿದ ಉಪ್ಪಿನ ಅಳತೆ) 900. ಪ್ರೆಶರ್ ವಾಷರ್, ಶಾಂಪೂ ನೊರೆ ಹೊಡಿಯೋ ಫೋಮ್ ಕ್ಯಾನನ್ ತಗೊಂಡ್ರ ರೊಕ್ಕ ಅಲ್ಲಿಗೇ ಮುಗೀತೈತಿ. ಏನು ಮಾಡ್ಲಿ?

ಕ್ಲಿಯರ್‌ಕೋಟ್_ಹುಬ್ಬಳ್ಳಿ:
ಈಗ ವಾಷರ್ ಬ್ಯಾಡ್ರಿ. ಕರಿ ಬಣ್ಣದ ಮ್ಯಾಲೆ ಬಿಸಲಾಗ ಕಾಣೋ ಸಣ್ಣ ಸಣ್ಣ ಗೀರು ಶಾಂಪೂದಿಂದ ಬರೂದಲ್ಲ, ಮುಟ್ಟೋ ಬಟ್ಟಿಯಿಂದ ಬರ್ತಾವ. ರೊಕ್ಕ ಮೊದಲು ಬಟ್ಟಿಗೆ ಹಾಕ್ರಿ. ಒಣಗಿಸಾಕ 1,000 ಜಿಎಸ್‌ಎಂ (ಚದರ ಮೀಟರ್ ಬಟ್ಟಿಯ ತೂಕ, ಗ್ರಾಂನಾಗ) ಮೇಲ್ಪಟ್ಟ, ತಿರುಚಿದ ಎಳಿಯ ಟ್ವಿಸ್ಟೆಡ್ ಲೂಪ್ ಟವೆಲ್ ಒಂದು, ವ್ಯಾಕ್ಸ್ ಒರಸಾಕ 350 ಜಿಎಸ್‌ಎಂದ ಅಂಚಿಲ್ಲದ ಮೈಕ್ರೋಫೈಬರ್ ಐದಾರು, ಗಾಡಿ ತಿಕ್ಕಾಕ ಕೈಗೆ ಹಾಕ್ಕೊಳ್ಳೋ ಮೆತ್ತನ ಚೀಲ, ಅಂದ್ರ ಮಿಟ್ ಎರಡು. ಒಂದು ಮಿಟ್ ಕಿಟಕಿ ಗೆರೆಯಿಂದ ಮ್ಯಾಲೆ, ಇನ್ನೊಂದು ಕೆಳಗ. ಗಾಲಿಗೆ ಹಳೇ ಬ್ರಷ್ ಸಾಕು. 15–20 ಲೀಟರಿನ ಬಕೆಟ್ ಎರಡು, ಒಂದು ಶಾಂಪೂ ನೀರಿಗೆ, ಇನ್ನೊಂದು ಮಿಟ್ ಜಾಲಾಡಾಕ; ಜಾಲಾಡೋ ಬಕೆಟ್ಟಿನ ತಳಕ್ಕ ಗ್ರಿಟ್ ಗಾರ್ಡ್ (ಮಣ್ಣು ಕೆಳಗ ಉಳಿಯೋ ಹಂಗ ಮಾಡೋ ಜಾಳಗಿ). ಪಿಎಚ್ ನ್ಯೂಟ್ರಲ್ ಶಾಂಪೂ ಯಾವ ಕಂಪನಿದಾದ್ರೂ ನಡೀತೈತಿ. ಪಾತ್ರೆ ತೊಳಿಯೋ ಲಿಕ್ವಿಡ್ ಬ್ಯಾಡ, ಹಚ್ಚಿದ ವ್ಯಾಕ್ಸ್ ಕಿತ್ತು ಹಾಕತೈತಿ. ಜೊತಿಗೆ 2 ಲೀಟರ್ ಪಂಪ್ ಸ್ಪ್ರೇಯರ್. ಹೊಸಾದೇ ತಗೋರಿ, ಹೊಲಕ್ಕ ಕೀಟನಾಶಕ ಎಣ್ಣಿ ಹೊಡದದ್ದು ತರಬ್ಯಾಡ್ರಿ.

ಗದಗ_ಗಾಳಿ:
ಅಲ್ರೀ, ಬಟ್ಟಿ ಖರೆ. ಆದ್ರ ಎರಿ ಮಣ್ಣು ಬಕೆಟ್ಟಿನ ಮಾತು ಕೇಳತೈತೇನು? ನೀರು ಕುಡದು ಉಬ್ಬತೈತಿ, ಒಣಗಿದ ಮ್ಯಾಲೆ ಸಿಮೆಂಟಿನಂಗ ಹಿಡೀತೈತಿ. ಅದರಾಗ ಸುಣ್ಣಕಲ್ಲಿನ ಹರಳೂ ಇರ್ತಾವ. ಅದರ ಮ್ಯಾಲೆ ಎಂಥಾ ಮಿಟ್ ಎಳದ್ರೂ ಗೀರೇ. ಮಡಗಾರ್ಡ್ ಒಳಗ ಸೇರಿದ್ದಕ್ಕಂತೂ ಪ್ರೆಶರ್ ಬೇಕೇ ಬೇಕು. 110–130 ಬಾರ್ ಒತ್ತಡ ಸಾಕು, ಬಕೆಟ್ಟಿನಿಂದ ನೀರು ಎಳಿಯೋ ಸೆಲ್ಫ್ ಪ್ರೈಮಿಂಗ್ ಮಾಡಲ್ ನೋಡ್ರಿ, ಇನ್ಲೆಟ್ ಫಿಲ್ಟರ್ ಮರೀಬ್ಯಾಡ್ರಿ. ನಾಝಲ್ 40 ಡಿಗ್ರಿ (ನೀರು ಅಗಲಕ್ಕ ಹರಡೋದು), ಬಾಡಿಯಿಂದ ಒಂದು ಅಡಿ ದೂರ. 0 ಡಿಗ್ರಿ ನಾಝಲ್ ಪೆಟ್ಟಿಗಿಯಿಂದ ಹೊರಗ ತೆಗೀಬ್ಯಾಡ್ರಿ, ಕಲ್ಲು ಬಡದು ಸೀಳಿದ ಜಾಗದಾಗ ಬಣ್ಣ ಎಬ್ಬಿಸತೈತಿ.

ಕ್ಲಿಯರ್‌ಕೋಟ್_ಹುಬ್ಬಳ್ಳಿ:
ವಾಷರ್ ನಿಮಿಷಕ್ಕ 6–8 ಲೀಟರ್ ಎಳೀತೈತಿ. ಹತ್ತು ನಿಮಿಷಕ್ಕ 60–80 ಲೀಟರ್ ಬೋರ್ ನೀರು ಬಾಡಿ ಮ್ಯಾಲೆ, ಅದೂ 900 ಟಿಡಿಎಸ್. ಬಿಸಲಿಗೆ ಒಣಗಿದ್ರ ಬಿಳಿ ಕಲೆ ಕರಿ ಬಾನೆಟ್ ತುಂಬ. ಮಣ್ಣಿಗೆ ನೆನೆಸೂದೇ ಮದ್ದು: ಶಾಂಪೂ ನೀರು ಸ್ಪ್ರೇಯರ್‌ದಿಂದ ಕೆಳಗಿನಿಂದ ಮ್ಯಾಲೆ ಹೊಡೀರಿ, ಐದು ನಿಮಿಷ ಬಿಡ್ರಿ, ಒಣಗಾಕ ಬಿಡಬ್ಯಾಡ್ರಿ, ಮತ್ತೊಮ್ಮೆ ಹೊಡೀರಿ, ಆಮ್ಯಾಲೆ ಪೈಪಿನ ನೀರು. ಹೆಪ್ಪುಗಟ್ಟಿದ್ದು ತಾನೇ ಜಾರಿ ಬೀಳೂ ತನಕ ಮಿಟ್ ಕೈಗೆ ತಗೋಬ್ಯಾಡ್ರಿ.

ಗದಗ_ಗಾಳಿ:
ಬಾಡಿಗೆ ಒಪ್ಪಿದೆ. ಮಡಗಾರ್ಡ್ ಒಳಗಿಂದಕ್ಕ ನನ್ನ ಮಾತು ಬದಲಿಲ್ಲ. ಮಳಿಗಾಲದಾಗ ತಿಂಗಳಿಗೊಮ್ಮೆ ಸರ್ವಿಸ್ ಸ್ಟೇಶನ್ನಿಗೆ ಹೋಗಿ ಕೆಳಗಷ್ಟೇ ನೀರು ಹೊಡೆಸ್ರಿ. ಡೀಸೆಲ್ ಸ್ಪ್ರೇ ಮಾಡ್ತೀವಿ ಅಂದ್ರ ಬ್ಯಾಡ ಅನ್ರಿ, ರಬ್ಬರ್ ಬುಷ್ ಹಾಳಾಗ್ತಾವ, ಮ್ಯಾಲೆ ಧೂಳೂ ಅಂಟತೈತಿ.

ಹಾವೇರಿ_ಹ್ಯಾಚ್‌ಬ್ಯಾಕ್:
ಆರ್‌ಓ ಮಷೀನಿನಿಂದ ಹೊರಗ ಹೋಗೋ ನೀರು ದಿನಾ ಬಕೆಟ್ ತುಂಬತೈತಲ್ರೀ, ಅದನ್ನ ಗಾಡಿಗೆ ಬಳಸಬಹುದಲ್ಲ?

ಕ್ಲಿಯರ್‌ಕೋಟ್_ಹುಬ್ಬಳ್ಳಿ:
ಅದೇ ತಪ್ಪು. ಹೊರಗ ಹೋಗೋ ನೀರಿನಾಗ ಉಪ್ಪು ಬೋರಿಗಿಂತ ಹೆಚ್ಚು. ಅದು ಅಂಗಳಕ್ಕ, ಶೌಚಾಲಯಕ್ಕ ಸರಿ. ಬೇಕಾದದ್ದು ಶುದ್ಧ ಆಗಿ ಬರೋ ನೀರು: ಕಡೀಗೆ ಸ್ಪ್ರೇಯರ್‌ದಾಗ 2 ಲೀಟರ್ ತುಂಬಿ ಮ್ಯಾಲಿಂದ ಕೆಳಗ ಹೊಡದ್ರ ಬೋರ್ ನೀರು ಕೊಚ್ಚಿ ಹೋಗತೈತಿ. ಎಸಿಯಿಂದ ಹನಿಯೋ ನೀರು, ಶುರುವಿನ ಮಳಿ ಬಿಟ್ಟು ಹಿಡದ ಮಾಳಿಗಿ ನೀರೂ ನಡೀತಾವ. ಮುಂಜಾನೆ ಏಳರೊಳಗ, ಬಾನೆಟ್ ತಣ್ಣಗಿದ್ದಾಗ, ಒಂದೊಂದೇ ಪ್ಯಾನೆಲ್ ತೊಳದು ಒರಸ್ರಿ.

ಪಾಲಿಶ್_ಪಂಡಿತ:
ಆಗಲೇ ಕಲೆ ಕೂತಿದ್ರೆ? ಅದು ಕ್ಯಾಲ್ಸಿಯಂ, ಶಾಂಪೂಗೆ ಬಗ್ಗುವುದಿಲ್ಲ. ಬಿಳಿ ವಿನೆಗರ್‌ಗೆ ಅಷ್ಟೇ ಆರ್‌ಓ ನೀರು ಬೆರೆಸಿ, ಬಟ್ಟೆ ತೋಯಿಸಿ ಕಲೆಯ ಮೇಲೆ ಒಂದು ನಿಮಿಷ ಇಟ್ಟು, ಒರೆಸಿ ತೊಳೆಯಿರಿ. ಬಿಸಿ ಪ್ಯಾನೆಲ್ ಮೇಲೆ ಮಾಡಬೇಡಿ. ಆಮೇಲೂ ಗುಂಡನೆಯ ಗುರುತು ಉಳಿದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್‌ಕೋಟನ್ನೇ ತಿಂದಿದೆ ಅಂತ ಅರ್ಥ, ಅದಕ್ಕೆ ಪಾಲಿಶ್ ಬೇಕು. ಇನ್ನೊಂದು ಮಾತು: ಕೆಲವರು ಆ್ಯಂಗಲ್ ಗ್ರೈಂಡರ್‌ಗೆ ಫೋಮ್ ಪ್ಯಾಡ್ ಸಿಕ್ಕಿಸಿ ಪಾಲಿಶ್ ಮಾಡುತ್ತಾರೆ. ಅದು 11,000 ಆರ್‌ಪಿಎಂ ಆಸುಪಾಸಿನಲ್ಲಿ ತಿರುಗುತ್ತದೆ, ಕ್ಲಿಯರ್‌ಕೋಟ್ ಇರುವುದೇ ಸುಮಾರು 40–50 ಮೈಕ್ರಾನ್. ಬಾಗಿಲಿನ ಅಂಚಿನಲ್ಲಿ ಕ್ಷಣದಲ್ಲಿ ಸುಡುತ್ತದೆ. ಮಾಡಲೇಬೇಕಿದ್ದರೆ ಡಿಎ (ಡ್ಯುಯಲ್ ಆ್ಯಕ್ಷನ್: ತಿರುಗುತ್ತಲೇ ಅಲುಗುವ) ಪಾಲಿಶರ್, 5 ಇಂಚಿನ ಪ್ಯಾಡ್, ಅಂಚಿಗೆ ಮಾಸ್ಕಿಂಗ್ ಟೇಪ್, ಮೊದಲು ಒಂದೂವರೆ ಅಡಿ ಚೌಕದಲ್ಲಿ ಪರೀಕ್ಷೆ. ಹೊಸ ಗಾಡಿಗೆ ಈಗಲೇ ಬೇಡ.

ಹಾವೇರಿ_ಹ್ಯಾಚ್‌ಬ್ಯಾಕ್:
ಅದರ ಬದಲು 9ಎಚ್ ಸೆರಾಮಿಕ್ ಕೋಟಿಂಗ್ ಒಮ್ಮೆ ಹಚ್ಚಿದ್ರ ಈ ರಗಳೆನೇ ಇಲ್ಲಲ್ಲ? ಕಲ್ಲು ಬಡದ್ರೂ ಏನೂ ಆಗೂದಿಲ್ಲಂತ.

ಪಾಲಿಶ್_ಪಂಡಿತ:
9ಎಚ್ ಅನ್ನುವುದು ಪೆನ್ಸಿಲ್ ಸೀಸದ ಗಡಸುತನದ ಅಳತೆ, ಕಲ್ಲಿನದ್ದಲ್ಲ. ಜಲ್ಲಿ ಬಡಿದರೆ ಬಣ್ಣ ಏಳುತ್ತದೆ. ಬೋರ್ ನೀರಿನ ಕಲೆ ಕೋಟಿಂಗ್ ಮೇಲೂ ಕೂರುತ್ತದೆ, ಹನಿ ಗುಂಡಗೆ ನಿಂತು ಒಣಗುವುದರಿಂದ ಎದ್ದು ಕಾಣುತ್ತದೆ. ತೊಳೆಯುವುದು ಸುಲಭವಾಗುತ್ತದೆ, ಅಷ್ಟು ನಿಜ. ಮನೆಯಲ್ಲಿ ಹಚ್ಚುವುದಾದರೆ ಧೂಳಿಲ್ಲದ ಮುಚ್ಚಿದ ಜಾಗ ಬೇಕು, ಹಚ್ಚಿದ ಮೇಲೆ ಕನಿಷ್ಠ 24 ಗಂಟೆ ನೀರು ತಾಗಬಾರದು. ಬೇಸಿಗೆಯ ಗಾಳಿಗೆ ಧಾರವಾಡದ ಅಂಗಳದಲ್ಲಿ? ಕನಸು.

ನವಲಗುಂದ_ರೋಡ್:
ಹಂಗಾದ್ರ ವಾಷರ್ ಕೈಬಿಟ್ಟೆ. ಬಕೆಟ್, ಮಿಟ್, ಟವೆಲ್, ಶಾಂಪೂ, ಸ್ಪ್ರೇಯರ್, ಒಂದು ಡಬ್ಬಿ ವ್ಯಾಕ್ಸ್. ಒಳಗ ಡ್ಯಾಶ್‌ಬೋರ್ಡ್‌ಗೆ ಹೊಳಪಿನ ಸ್ಪ್ರೇ ಬೇಕೇನು? ನೀರು ಕಮ್ಮಿ ಇದ್ದಾಗ ರಿನ್ಸ್‌ಲೆಸ್ (ಒರಸಿದ ಮ್ಯಾಲೆ ಮತ್ತ ನೀರು ಹಾಕಿ ತೊಳಿಯೋದು ಬೇಡದ ಶಾಂಪೂ) ನಡೀತೈತೇನು?

ಕ್ಲಿಯರ್‌ಕೋಟ್_ಹುಬ್ಬಳ್ಳಿ:
ಹೊಳಪು ಬ್ಯಾಡ, ಮುಂದಿನ ಗ್ಲಾಸಿನಾಗ ಪ್ರತಿಬಿಂಬ ಹೊಡೀತೈತಿ, ಧೂಳು ಅಂಟತೈತಿ. ಹಸಿ ಬಟ್ಟಿ ಸಾಕು. ರಿನ್ಸ್‌ಲೆಸ್ ಬರೀ ಊರೊಳಗಿನ ಧೂಳಿಗೆ. ಬಾಟಲಿ ಮ್ಯಾಲೆ 1:256 ಅಂತಿದ್ರ 10 ಲೀಟರಿಗೆ 40 ಮಿಲಿ. ಹೊಲದ ಕೆಸರಿದ್ದ ದಿನ ಅದನ್ನ ಮುಟ್ಟಬ್ಯಾಡ್ರಿ.

ಗದಗ_ಗಾಳಿ:
ಮತ್ತ ಆ ದುಬಾರಿ ಟವೆಲ್ ಮನಿ ಅರಿವಿ ಜೊತಿ ಮಷೀನಿಗೆ ಹಾಕಬ್ಯಾಡ್ರಿ, ಕಾಟನ್ ನೂಲು ಹಿಡೀತಾವ. ಬ್ಯಾರೆ ಒಗೀರಿ, ಲಿಕ್ವಿಡ್ ಡಿಟರ್ಜೆಂಟ್, ಬಿಸಿ ನೀರು ಬ್ಯಾಡ, ಫ್ಯಾಬ್ರಿಕ್ ಕಂಡೀಷನರ್ ಒಂದು ಹನಿನೂ ಬ್ಯಾಡ. ಅದು ಎಳಿಗೆ ಮೆತ್ತಿದ್ರ ಟವೆಲ್ ನೀರು ಹೀರೂದಿಲ್ಲ, ಬರೀ ಆಚೀಚಿ ನೂಕತೈತಿ. ನೆಲಕ್ಕ ಬಿದ್ದದ್ದನ್ನ ಝಾಡಿಸಿ ಮತ್ತ ಬಾನೆಟ್ ಮ್ಯಾಲೆ ಎಳೀಬ್ಯಾಡ್ರಿ, ಒಗಿಯೋ ತನಕ ಅದು ಗಾಲಿ ಬಟ್ಟಿ.