ನ್ಯಾರೋಬೋಟ್ ಸೋಲಾರ್: ಬೇಸಿಗೆಯಲ್ಲಿ ರಾಜ, ಡಿಸೆಂಬರ್‌ನಲ್ಲಿ ಫ್ರಿಜ್ ಕೂಡ ಓಡಲ್ಲ

ಹೊಸ_ದೋಣಿಗ:
ಇಂಗ್ಲೆಂಡಿನ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ನ್ಯಾರೋಬೋಟ್, ಅಂದರೆ ಉದ್ದನೆಯ ಕಿರಿದಾದ ದೋಣಿಯೇ ನನ್ನ ಮನೆ. ಖಾಯಂ ಜಾಗ ಇಲ್ಲ, 14 ದಿನಕ್ಕೊಮ್ಮೆ ಮುಂದೆ ಹೋಗಬೇಕು, ಹಾಗಾಗಿ ದಡದ ಕರೆಂಟ್ ಸಿಗುವುದಿಲ್ಲ. ಮೇಲೆ 400 ವ್ಯಾಟ್ ಪ್ಯಾನೆಲ್ ಮಲಗಿಸಿದ್ದೇನೆ, ಒಳಗೆ 110 ಆಂಪಿಯರ್-ಅವರ್‌ನ ನಾಲ್ಕು ಲೆಡ್ ಆಸಿಡ್ ಬ್ಯಾಟರಿ. ಜೂನ್‌ನಲ್ಲಿ ಮಧ್ಯಾಹ್ನಕ್ಕೇ ಫುಲ್ ಆಗುತ್ತಿತ್ತು, ಬಿಟ್ಟಿ ಕರೆಂಟ್ ಅಂತ ಬೀಗುತ್ತಿದ್ದೆ. ಈಗ ಬೆಳಿಗ್ಗೆ ಎದ್ದರೆ 11.8 ವೋಲ್ಟ್, ಫ್ರಿಜ್ ಆಫ್. ದಿನಾ ಒಂದು ಗಂಟೆ ಎಂಜಿನ್ ಓಡಿಸಿದರೂ ಅಷ್ಟೇ. ಇನ್ನೆರಡು ಪ್ಯಾನೆಲ್ ಹಾಕಲಾ, ಲಿಥಿಯಂ ಬ್ಯಾಟರಿಗೆ ಹೋಗಲಾ?

ಕಾಲುವೆ_ಕಾಗೆ:
ಸದ್ಯ ಎರಡೂ ಬೇಡ. ಡಿಸೆಂಬರ್ ಕೊನೆಗೆ ಅಲ್ಲಿ ನಡು ಮಧ್ಯಾಹ್ನವೂ ಸೂರ್ಯ ಸುಮಾರು 15 ಡಿಗ್ರಿ ಏರುತ್ತಾನೆ ಅಷ್ಟೇ, ಮಲಗಿಸಿದ ಪ್ಯಾನೆಲ್‌ಗೆ ಬಿಸಿಲು ಸವರಿಕೊಂಡು ಹೋಗುತ್ತದೆ. ಮೋಡದ ದಿನ 200 ವ್ಯಾಟ್-ಅವರ್ ಬಂದರೆ ಪುಣ್ಯ, ಅಂದರೆ ಹದಿನಾರು ಹದಿನೇಳು ಆಂಪಿಯರ್-ಅವರ್. ಫ್ರಿಜ್ ಒಂದೇ 30-40 ನುಂಗುತ್ತದೆ, ಅಲ್ವಾ? ಪ್ಯಾನೆಲ್ ಡಬಲ್ ಮಾಡಿದರೂ ಚಳಿಗಾಲದಲ್ಲಿ ಎಂಜಿನ್ ತಪ್ಪಿದ್ದಲ್ಲ.

ಆದರೆ ಒಂದು ಗಂಟೆ ಸಾಲದು. ಲೆಡ್ ಆಸಿಡ್ 80 ಪರ್ಸೆಂಟ್‌ವರೆಗೆ ಬೇಗ ಕುಡಿಯುತ್ತದೆ, ಉಳಿದ 20 ಎಷ್ಟು ಗದರಿದರೂ ನಿಧಾನವೇ. ಪೂರ್ತಿ ತುಂಬಿಸದೆ ಬಿಟ್ಟರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಲೋಡ್ ಇಲ್ಲದಾಗ 12.2 ಅಂದರೇ ಅರ್ಧ ಖಾಲಿ, ನೀವು 11.8ಕ್ಕೆ ಇಳಿಸಿದ್ದೀರಿ! ವಾರಕ್ಕೊಮ್ಮೆಯಾದರೂ ಆರು ಗಂಟೆ ಓಡಿಸಿ, ಕಟ್ಟಿ ನಿಲ್ಲಿಸಿದ್ದಾಗ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಮಾತ್ರ ಬೇಡ, ನಿಯಮವೂ ಅದೇ, ಪಕ್ಕದ ದೋಣಿಯವರ ನಿದ್ದೆಯೂ ಮುಖ್ಯ.

ಸುಟ್ಟ_ಆಲ್ಟರ್ನೇಟರ್:
ನನ್ನ ಹೆಸರು ನೋಡಿದರೇ ಕಥೆ ಗೊತ್ತಾಗುತ್ತದೆ. ಲಿಥಿಯಂ ತಂದು ಹಳೇ ವೈರಿಂಗ್‌ಗೇ ಸಿಕ್ಕಿಸಿದ್ದೆ. ಅದು ಕೊಟ್ಟಷ್ಟೂ ಎಳೆಯುತ್ತದೆ, ಎಂಜಿನ್‌ನಿಂದ ಕರೆಂಟ್ ತೆಗೆಯುವ ಆಲ್ಟರ್ನೇಟರ್ ಕಾದು ಹೊಗೆ ಬಂತು. ನಡುವೆ ಆ ಎಳೆತಕ್ಕೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಲೂಬಾರದು, ತಣ್ಣಗಿನ ಎಂಜಿನ್ ಕೋಣೆಯಲ್ಲಿ ಇಡುವ ಮೊದಲು ಯೋಚಿಸಿ. ಅದಕ್ಕೂ ಮುಂಚೆ ಬ್ಯಾಟರಿಗೆ ಬರುವ, ಹೋಗುವ ಕರೆಂಟ್ ಅಳೆಯುವ ಒಂದು ಶಂಟ್ ಮೀಟರ್ ಹಾಕಿ, ಕರೆಂಟ್ ಎಲ್ಲಿಗೆ ಹೋಗುತ್ತಿದೆ ಅಂತ ಗೊತ್ತಿಲ್ಲದೆ ಸುಮ್ನೆ ದುಡ್ಡು ಸುರಿಯಬೇಡಿ.

ಹೊಸ_ದೋಣಿಗ:
ಶಂಟ್ ಹಾಕಿದೆ. ಎಲ್ಲಾ ಆಫ್ ಮಾಡಿ ಮಲಗಿದರೂ 1.5 ಆಂಪಿಯರ್ ಹೋಗುತ್ತಲೇ ಇತ್ತು. ನೋಡಿದರೆ ಇನ್ವರ್ಟರ್! ಲ್ಯಾಪ್‌ಟಾಪ್‌ಗೆ ಅಂತ ಆನ್ ಮಾಡಿದ್ದು, ಆಫ್ ಮಾಡಿಯೇ ಇರಲಿಲ್ಲ. ದಿನಕ್ಕೆ 36 ಆಂಪಿಯರ್-ಅವರ್, ಇನ್ನೊಂದು ಫ್ರಿಜ್ ಸಾಕಿದ ಹಾಗೆ. ಈಗ ಲ್ಯಾಪ್‌ಟಾಪ್‌ಗೂ 12 ವೋಲ್ಟ್ ಚಾರ್ಜರ್ ತಂದಿದ್ದೇನೆ. ನಿನ್ನೆ ಆರು ಗಂಟೆ ಎಂಜಿನ್ ಓಡಿಸಿದಾಗ ಒಂದು ಬ್ಯಾಟರಿ ಮಾತ್ರ ಜಾಸ್ತಿ ಬಿಸಿಯಾಗಿತ್ತು, ಉಳಿದ ಮೂರು ತಣ್ಣಗೇ ಇದ್ದವು. ಇದು ಮಾಮೂಲೇ?

ಕಾಲುವೆ_ಕಾಗೆ:
ಅಲ್ಲ. ಒಳಗೆ ಒಂದು ಸೆಲ್ ಶಾರ್ಟ್ ಆಗಿರಬಹುದು. ಚಾರ್ಜಿಂಗ್ ನಿಲ್ಲಿಸಿ, ಕಿಟಕಿ ತೆಗೆದಿಡಿ, ಕಿಡಿ ಹಾರದಂತೆ ನೋಡಿಕೊಳ್ಳಿ, ಹೈಡ್ರೋಜನ್ ಬರುತ್ತಿರುತ್ತದೆ. ಅದು ತಣ್ಣಗಾದ ಮೇಲೆ ಕಳಚಿ ಹೊರಗಿಡಿ, ಇಲ್ಲದಿದ್ದರೆ ಉಳಿದ ಮೂರನ್ನೂ ಅದೇ ಖಾಲಿ ಮಾಡುತ್ತದೆ. ಮೂರರಲ್ಲೇ ವಾರ ಓಡಿಸಿ, ಬೆಳಗಿನ ವೋಲ್ಟೇಜ್ ಇಲ್ಲಿ ಹಾಕಿ.