ಸೆರಿಫ್‌ಗೆ ‘ಕುಡಿ’ ಎನ್ನಬಹುದೇ? ‘ತಲೆಕಟ್ಟು’ ಒಗ್ಗುತ್ತಿಲ್ಲ

ಪದಬಲ್ಲ ಗೆಳೆಯರಿಗೆ ನಮಸ್ಕಾರ.

ತುಮಕೂರಿನಲ್ಲಿ ಪುಸ್ತಕ, ಸ್ಮರಣ ಸಂಚಿಕೆ, ಲಗ್ನಪತ್ರಿಕೆಗಳ ಪುಟವಿನ್ಯಾಸ ಮಾಡಿಕೊಂಡಿರುವವನು ನಾನು. ಹೋದ ತಿಂಗಳು ಒಂದು ಶಾಲೆಯ ಸ್ಮರಣ ಸಂಚಿಕೆ ಕೈಯಲ್ಲಿತ್ತು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಇಂಗ್ಲಿಷ್ ಭಾಗಕ್ಕೆ ಬಾಸ್ಕರ್‌ವಿಲ್ ಫಾಂಟ್ ಹಾಕಿದ್ದೆ. ಶೀರ್ಷಿಕೆಗಳಾದರೂ ಸೆರಿಫ್, ಎಂದರೆ ತುದಿಯ ಸಣ್ಣ ಗೀಟು, ಇಲ್ಲದ ಅಕ್ಷರದಲ್ಲಿರಲಿ ಎಂದುಕೊಂಡು, ಸೆರಿಫ್‌ಗೆ ‘ತಲೆಕಟ್ಟು’ ಎಂಬ ಪದವನ್ನೇ ಬಳಸಿ, ಕರಡಿನ ಅಂಚಿನಲ್ಲಿ ‘ತಲೆಕಟ್ಟು ತೆಗೆಯಿರಿ’ ಎಂದು ಬರೆದೆ. ಮರುದಿನ ನೋಡಿದರೆ ನಮ್ಮ ಹುಡುಗ ಶೀರ್ಷಿಕೆಗಳ ಮೇಲಿದ್ದ ಅಲಂಕಾರದ ಗೆರೆಗಳನ್ನೆಲ್ಲ ಅಳಿಸಿಟ್ಟಿದ್ದ. ಬೈಯಲು ಹೊರಟವನು ಸುಮ್ಮನಾದೆ. ತಪ್ಪು ಅವನದಲ್ಲ, ನಾನು ಬಳಸಿದ ಪದದ್ದು.

ಸೆರಿಫ್ ಎಂದರೆ ರೋಮನ್ ಅಕ್ಷರದ ಗೆರೆ ಮುಗಿಯುವಲ್ಲಿ ಹೊರಚಾಚುವ ಸಣ್ಣ ಗೀಟು. ಅದನ್ನು ಕೆತ್ತಿ ಹಾಕಿದರೂ ಅಕ್ಷರ ಅದೇ, ಉಚ್ಚಾರ ಅದೇ. ನಮ್ಮ ತಲೆಕಟ್ಟು ಹಾಗಲ್ಲ. ‘ಕ’ದ ತಲೆಕಟ್ಟು ಅಕಾರದ ಗುರುತು, ಗುಡಿಸು ಬಂದರೆ ಅದು ಜಾಗ ಬಿಡುತ್ತದೆ, ‘ಕಿ’ ಆಗುತ್ತದೆ. ಖ, ಜ, ಟ, ಣ, ಬ, ಲ ಇವಕ್ಕೆ ತಲೆಕಟ್ಟೇ ಇಲ್ಲ. ಹಾಗೆಂದು ಅವನ್ನು ಸೆರಿಫ್ ಇಲ್ಲದ ಅಕ್ಷರಗಳು ಎನ್ನಲಾದೀತೇ? ಅನುಮಾನವಿದ್ದವರು ಶಾಸನತಜ್ಞ ಬಿ. ಎಲ್. ರೈಸ್ ಅವರು 1904ರಲ್ಲಿ ತಂದ ನಮ್ಮ ಜಿಲ್ಲೆಯ ಶಾಸನಸಂಪುಟವನ್ನು, ಎಂದರೆ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯದನ್ನು, ತೆರೆದು ನೋಡಬಹುದು. ಒಂದೇ ಶಾಸನದ ಪಾಠ ಕನ್ನಡದಲ್ಲೂ ಇದೆ, ರೋಮನ್ ಲಿಪಿಯಲ್ಲೂ ಇದೆ. ಎರಡನ್ನೂ ಎದುರಿಗಿಟ್ಟುಕೊಂಡರೆ ತಲೆಕಟ್ಟಿನ ಕೆಲಸ ಬೇರೆ, ಸೆರಿಫ್‌ನ ಕೆಲಸ ಬೇರೆ ಎಂಬುದು ಕಣ್ಣಿಗೇ ಕಾಣುತ್ತದೆ.

ನನ್ನ ಮನಸ್ಸಿಗೆ ಹಿಡಿಸಿದ ಪದ ‘ಕುಡಿ’. ಬಳ್ಳಿಯ ಕುಡಿ, ಕುಡಿಬಾಳೆ ಎಲೆ, ಕುಡಿಮೀಸೆ, ಕುಡಿನೋಟ: ಎಲ್ಲೆಡೆಯೂ ಒಂದು ವಸ್ತು ಮುಗಿಯುವ ತುದಿ, ಆ ತುದಿಯ ಸಣ್ಣ ಚೂಪು. ಬಾಸ್ಕರ್‌ವಿಲ್‌ನ ಸೆರಿಫ್‌ಗೆ ಇದು ಅಳತೆ ತೆಗೆದು ಹೊಲಿಸಿದಂತಿದೆ. ಅಲ್ಲಿ ಗೆರೆ ಥಟ್ಟನೆ ನಿಲ್ಲುವುದಿಲ್ಲ. ಸ್ವಲ್ಪ ಬಾಗಿ, ಸಣ್ಣಗಾಗಿ, ಚೂಪಾಗಿ ಮುಗಿಯುತ್ತದೆ. ಜಾನ್ ಬಾಸ್ಕರ್‌ವಿಲ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲು ಕೈಬರಹ ಕಲಿಸುತ್ತಿದ್ದವನು, ಸಮಾಧಿಕಲ್ಲುಗಳ ಮೇಲೆ ಅಕ್ಷರ ಕೆತ್ತುತ್ತಿದ್ದವನು. 1757ರಲ್ಲಿ ರೋಮನ್ ಕವಿ ವರ್ಜಿಲನ ಕಾವ್ಯದ ಮುದ್ರಣದೊಂದಿಗೆ ಅವನ ಅಚ್ಚುಮೊಳೆಗಳು ಲೋಕದ ಕಣ್ಣಿಗೆ ಬಿದ್ದವು. ಲೇಖನಿ, ಉಳಿ ಎರಡರ ಪಳಗಿಕೆಯೂ ಆ ತುದಿಗಳಲ್ಲಿ ಕಾಣುತ್ತದೆ.

ಆದರೆ ‘ಕುಡಿ’ಗೆ ಎರಡು ತೊಡಕುಗಳಿವೆ. ಟೈಪ್‌ರೈಟರ್ ಅಕ್ಷರದ ಅಡಿಯಲ್ಲಿ ದಪ್ಪ ಪಟ್ಟಿ ಇರುತ್ತದಲ್ಲ, ಅದು ಎಲ್ಲಿಂದ ನೋಡಿದರೂ ಕುಡಿಯಲ್ಲ. ಅಕ್ಷರವನ್ನು ಮಣೆ ಹಾಕಿ ಕೂರಿಸಿದಂತಿರುತ್ತದೆ. ಅದಕ್ಕೆ ‘ಮಣೆ’ ಎಂದೇ ಕರೆದರೆ ಹೇಗೆ? ಇನ್ನೊಂದು ತೊಡಕು ಸೆರಿಫ್ ಇಲ್ಲದ್ದನ್ನು ಹೆಸರಿಸುವಾಗ. ‘ಕುಡಿಯಿಲ್ಲದ ಅಕ್ಷರ’ ಸರಿ. ಅವಸರದಲ್ಲಿ ಯಾರಾದರೂ ‘ಕುಡಿಯದ ಅಕ್ಷರ’ ಎಂದು ಬರೆದರೆ ಮದ್ಯವರ್ಜನ ಶಿಬಿರದ ಕರಪತ್ರವಾಗುತ್ತದೆ. ‘ಕುಡಿಗೆರೆ’ ಎಂದು ಉದ್ದ ಮಾಡಿದರೆ ಈ ಅಪಾಯ ತಪ್ಪೀತು. ‘ಪಾದರೇಖೆ’ ಎಂದು ಸೂಚಿಸಿದವರೊಬ್ಬರು ಇದ್ದಾರೆ. ತಲೆಯ ಮೇಲಿರುವ ಗೀಟಿಗೂ ಪಾದ ಎನ್ನಲು ನನಗೆ ಮನಸ್ಸು ಬಾರದು.

ಎರಡನೆಯ ಪ್ರಶ್ನೆ ಇದಕ್ಕಿಂತ ಗೋಜಲಿನದು. ಈಗ ಕನ್ನಡ ಫಾಂಟ್‌ಗಳಿಗೂ ಸೆರಿಫ್ ಎಂಬ ಹೆಸರು ಬಂದಿದೆ. ನೋಟೋ ಸೆರಿಫ್ ಕನ್ನಡ ಮತ್ತು ನೋಟೋ ಸ್ಯಾನ್ಸ್ (ಎಂದರೆ ಸೆರಿಫ್ ಇಲ್ಲದ) ಕನ್ನಡ ಎಂಬ ಫಾಂಟ್‌ಗಳೆರಡರಲ್ಲೂ ತಲೆಕಟ್ಟು ಇದೆ. ವ್ಯತ್ಯಾಸವಿರುವುದು ಗೆರೆಯ ಮೈಯಲ್ಲಿ: ಒಂದರಲ್ಲಿ ಗೆರೆ ದಪ್ಪವಾಗಿ ಸಣ್ಣವಾಗಿ ಹರಿಯುತ್ತದೆ, ಇನ್ನೊಂದರಲ್ಲಿ ಹೆಚ್ಚುಕಡಿಮೆ ಒಂದೇ ದಪ್ಪ. ಎಂದರೆ ಇಲ್ಲಿ ‘ಸೆರಿಫ್’ ಎಂಬ ಪದ ಸೆರಿಫನ್ನೇ ಬಿಟ್ಟು ಬೇರೊಂದು ಗುಣವನ್ನು ಹೇಳುತ್ತಿದೆ. ಇಂಗ್ಲಿಷಿನಲ್ಲೂ ಇವು ಎರಡು ಬೇರೆ ಸಂಗತಿಗಳೇ. ಬಾಸ್ಕರ್‌ವಿಲ್‌ನ ಅಕ್ಷರದಲ್ಲಿ ದಪ್ಪ ಸಣ್ಣಗಳ ಅಂತರ ಹೆಚ್ಚು, ಅದನ್ನು ಓದಿದರೆ ಕಣ್ಣು ಹೋಗುತ್ತದೆ ಎಂದು ಒಬ್ಬ ಮಹಾಶಯ ದೂರುತ್ತಿದ್ದನಂತೆ. ಬೆಂಜಮಿನ್ ಫ್ರಾಂಕ್ಲಿನ್ ಕ್ಯಾಸ್ಲನ್ ಎಂಬ ಮತ್ತೊಂದು ಇಂಗ್ಲಿಷ್ ಅಚ್ಚಕ್ಷರದ ಮಾದರಿ ಹಾಳೆಯ ತಲೆಭಾಗವನ್ನು ಹರಿದು, ಬಾಸ್ಕರ್‌ವಿಲ್‌ನದು ಎಂದು ಅವನ ಮುಂದಿಟ್ಟ. ಅವನು ಅದರಲ್ಲೂ ಅದೇ ದೋಷಗಳನ್ನು ಎತ್ತಿ ಎತ್ತಿ ತೋರಿಸಿದ. ಇದನ್ನು ಫ್ರಾಂಕ್ಲಿನ್ 1760ರಲ್ಲಿ ಬಾಸ್ಕರ್‌ವಿಲ್‌ಗೇ ಪತ್ರ ಬರೆದು ತಿಳಿಸಿದ್ದಾನೆ. ತಮಾಷೆ ಇರಲಿ, ಕ್ಯಾಸ್ಲನ್, ಬಾಸ್ಕರ್‌ವಿಲ್ ಎರಡಕ್ಕೂ ಕುಡಿ ಇದೆ. ಜಗಳ ನಡೆದದ್ದು ಗೆರೆಯ ಮೈಯ ಬಗ್ಗೆ.

ಆದ್ದರಿಂದ ನಮಗೆ ಎರಡು ಪದ ಬೇಕು. ಒಂದೇ ದಪ್ಪದ್ದಕ್ಕೆ ‘ಕಂಠದ ಗೆರೆ’, ದಪ್ಪ ಸಣ್ಣವಾಗುವುದಕ್ಕೆ ‘ಲೆಕ್ಕಣಿಕೆಯ ಗೆರೆ’ ಎನ್ನಬಹುದೇ? ಓಲೆಗರಿಯ ಮೇಲೆ ಕಂಠದಿಂದ ಕೊರೆದ ಗೆರೆ ಉದ್ದಕ್ಕೂ ಒಂದೇ ಸಮ. ಓರೆಯಾಗಿ ಕತ್ತರಿಸಿದ ಲೆಕ್ಕಣಿಕೆ ತಿರುಗಿದಂತೆಲ್ಲ ಗೆರೆಯ ದಪ್ಪ ಬದಲಾಗುತ್ತದೆ. ಇಂದಿನ ಹುಡುಗರಿಗೆ ಕಂಠವೆಂದರೆ ಗಂಟಲು ಮಾತ್ರ ಎಂಬ ಆಕ್ಷೇಪ ಬಂದೇ ಬರುತ್ತದೆ, ಬರಲಿ. ‘ಬಳಪದ ಗೆರೆ’ ಎಂದರೆ ಅವರಿಗೂ ತಿಳಿದೀತು.

ಅಂಗಡಿ ಫಲಕ ಬರೆಯುವವರು, ಕಲ್ಲಿನಲ್ಲಿ ಹೆಸರು ಕೆತ್ತುವವರು ಅಕ್ಷರದ ತುದಿಗೆ ಕೊನೆಯಲ್ಲೊಂದು ಅಡ್ಡ ಏಟು ಕೊಡುವುದನ್ನು ನೀವೂ ನೋಡಿರಬಹುದು. ನಿಮ್ಮ ಊರಿನಲ್ಲಿ ಅದಕ್ಕೆ ಬಾಯಿಮಾತಿನ ಹೆಸರಿದ್ದರೆ ದಯವಿಟ್ಟು ತಿಳಿಸಿ. ಅಂಥದೊಂದು ಸಿಕ್ಕಿದರೆ ನನ್ನ ‘ಕುಡಿ’ಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ಕರಡಿನ ಅಂಚಿನಲ್ಲಿ ‘ಕುಡಿ ತೆಗೆಯಿರಿ’ ಎಂದೇ ಬರೆಯುತ್ತಿದ್ದೇನೆ. ಹುಡುಗ ಈ ಸಲ ಸರಿಯಾಗಿಯೇ ತೆಗೆದ.