ಚಿನ್ನದ ರೇಕಿನಿಂದ ವಾಪಸ್ ಬಂದ ಕಣ: ಸಣ್ಣ ಸಣ್ಣ ತಳ್ಳಾಟವೇ ಸೇರಿ ಹಾಗಾಗಿರಬಾರದಾ?

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ಮಗಳಿಗೆ ವಿಜ್ಞಾನ ಹೇಳಿಕೊಡ್ತಾ ರುದರ್‌ಫೋರ್ಡ್ ಪ್ರಯೋಗದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಚಿನ್ನದ ರೇಕಿನ ಮೇಲೆ ಆಲ್ಫಾ ಕಣ (ವಿಕಿರಣ ವಸ್ತುಗಳಿಂದ ಚಿಮ್ಮುವ ಸೂಕ್ಷ್ಮ ಕಣ) ಹಾಯಿಸಿದರು, ಕೆಲವು ಹಿಂದಕ್ಕೆ ಬಂದವು, ಆದ್ದರಿಂದ ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ ಅಂತ ಪುಸ್ತಕ ಮುಗಿಸಿಬಿಡುತ್ತೆ. ಇವಳ ತಕರಾರು: "ರೇಕಿನಲ್ಲಿ ಎಷ್ಟೋ ಪದರ ಪರಮಾಣುಗಳಿವೆಯಲ್ಲಪ್ಪಾ, ಒಂದೊಂದೂ ಒಂಚೂರು ತಳ್ಳಿ ಕೊನೆಗೆ ಕಣ ಪೂರ್ತಿ ತಿರುಗಿರಬಾರದಾ?" ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ (ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ): ಮಗಳಿಗೆ ಶಭಾಷ್ ಹೇಳಿ. 1897ರಲ್ಲಿ ಎಲೆಕ್ಟ್ರಾನ್ ಕಂಡುಹಿಡಿದ ಜೆ. ಜೆ. ಥಾಮ್ಸನ್ ಅವರ ಯೋಚನೆಯೂ ಇದೇ ದಾರಿಯದು. ಅವರ ಪ್ರಕಾರ ಧನಾವೇಶ (ಪಾಸಿಟಿವ್ ಚಾರ್ಜ್) ಇಡೀ ಪರಮಾಣುವಿನಲ್ಲಿ ಹರಡಿಕೊಂಡಿತ್ತು. ಆಲ್ಫಾ ಕಣದ್ದೂ ಧನಾವೇಶವೇ, ಅದಕ್ಕೇ ಪರಮಾಣು ಅದನ್ನು ತಳ್ಳುತ್ತದೆ. ಹರಡಿದ್ದರಿಂದ ಒಂದು ಪರಮಾಣುವಿನ ತಳ್ಳು ತೀರಾ ದುರ್ಬಲ.

ಲೆಕ್ಕ ನೋಡಿ. 0.00004 ಸೆಂ.ಮೀ. ದಪ್ಪದ ರೇಕಿನಲ್ಲಿ ಸಾವಿರಕ್ಕೂ ಹೆಚ್ಚು ಪದರ. ಆದರೂ ಅದನ್ನು ದಾಟಿದ ಕಣ ಸಾಮಾನ್ಯವಾಗಿ ಓರೆಯಾಗುವುದು ಒಂದು ಡಿಗ್ರಿಯಷ್ಟೂ ಇಲ್ಲ. ಜಾತ್ರೆಯ ನೂಕುನುಗ್ಗಲಿಗೆ ಹೊಕ್ಕವನನ್ನು ಎಡದವರು ಬಲಕ್ಕೆ, ಬಲದವರು ಎಡಕ್ಕೆ ತಳ್ಳುತ್ತಾರೆ, ತುಸು ಆಚೀಚೆಯಾಗಿ ಹೊರಬೀಳುತ್ತಾನೆ. ಬಂದ ದಾರಿಗೇ ತಿರುಗಬೇಕಾದರೆ ಎಲ್ಲರೂ ಮಾತಾಡಿಕೊಂಡವರಂತೆ ಒಂದೇ ಕಡೆ ತಳ್ಳಬೇಕು. ಅಂಥದ್ದು ಕೋಟಿಗೊಂದೂ ಆಗದು. ಇಲ್ಲಿ 20,000ಕ್ಕೆ ಒಂದು ಕಣ 90 ಡಿಗ್ರಿಯಷ್ಟು ತಿರುಗುತ್ತಿತ್ತು!

ಹಾಗಾಗಿ 1911ರಲ್ಲಿ ರುದರ್‌ಫೋರ್ಡ್ ಇದು ಒಂದೇ ಪೆಟ್ಟಿನ ಕೆಲಸ ಎಂದರು. ಒಂದೇ ಪೆಟ್ಟಿಗೆ ಅಷ್ಟು ಬಲ ಬರಬೇಕಾದರೆ ಆವೇಶವೆಲ್ಲ ಪರಮಾಣುವಿನ ಅಗಲದ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಜಾಗದಲ್ಲಿ ಒಟ್ಟಾಗಿರಬೇಕು. ನನಗೆ ಇದಕ್ಕಿಂತ ರುಚಿಸುವುದು 1913ರ ತಾಳೆ: ರೇಕಿನ ದಪ್ಪ ಎರಡು ಪಟ್ಟಾದರೆ ತಿರುಗುವ ಕಣಗಳೂ ಎರಡು ಪಟ್ಟು. ಒಂದೇ ಪೆಟ್ಟಾದರೆ ಮಾತ್ರ ಈ ಲೆಕ್ಕ ಕೂಡುತ್ತದೆ.

ಇನ್ನೊಬ್ಬ ಸದಸ್ಯರು: ಸರ್, 8,000ಕ್ಕೆ ಒಂದು ಅಂತ ಎಲ್ಲೋ ಓದಿದ್ದೆ?

ಉತ್ತರ: ಅದೂ ಸರಿ, ಆದರೆ ಅದು 1909ರಲ್ಲಿ ಪ್ಲಾಟಿನಂ ತಗಡಿನಿಂದ ಹಿಂದಿರುಗಿದ ಕಣಗಳ ಎಣಿಕೆ. ಎರಡನ್ನೂ ಕಲಸಿ ಚಿನ್ನದ ಲೆಕ್ಕಕ್ಕೇ ಹಾಕಿಬಿಡುತ್ತಾರೆ.

ಪ್ರಶ್ನೆ ಕೇಳಿದವರು: ಧನ್ಯವಾದ ಮೇಷ್ಟ್ರೇ, ನನಗೇ ಈಗ ಅರ್ಥವಾಯ್ತು. ಇವಳು ಬಿಡ್ತಿಲ್ಲ, "ಕಣ್ಣಿಗೆ ಕಾಣದ್ದನ್ನ ಎಣಿಸಿದ್ದು ಯಾರು, ಹೇಗೆ?" ಅಂತಾಳೆ.

ಉತ್ತರ: ಹಾನ್ಸ್ ಗೈಗರ್, ಮತ್ತೆ ಅರ್ನೆಸ್ಟ್ ಮಾರ್ಸ್‌ಡನ್ ಎಂಬ ಇಪ್ಪತ್ತರ ಹುಡುಗ, ಮ್ಯಾಂಚೆಸ್ಟರಿನಲ್ಲಿ ಇನ್ನೂ ಪದವಿ ವಿದ್ಯಾರ್ಥಿ. ಜಿಂಕ್ ಸಲ್ಫೈಡ್ ಬಳಿದ ಪರದೆಗೆ ಕಣ ಬಡಿದರೆ ಚುಕ್ಕಿಯಷ್ಟು ಬೆಳಕು ಮಿಣುಕುತ್ತದೆ. ಕತ್ತಲಲ್ಲಿ ಕೂತು ಕಣ್ಣು ಪಳಗಿಸಿಕೊಂಡು, ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಮಿಣುಕು ಎಣಿಸಬೇಕು. ರುದರ್‌ಫೋರ್ಡರಿಗೆ ಅಷ್ಟು ತಾಳ್ಮೆ ಇರಲಿಲ್ಲ, ಎಣಿಸುವ ಕೆಲಸ ಗೈಗರ್ ಪಾಲಿಗೆ ಬಂತು. ಗೈಗರ್ ಕೌಂಟರ್ ಅಂತೀವಲ್ಲ, ಆ ಗೈಗರ್ ಇವರೇ.